ಕಪ್ಪೆ ಬೊಂಡಾಸ್: ಒಂದೇ ವರ್ಷದ ಬಾಳು

ನಮ್ಮ ಹೋಟೆಲುಗಳ ಮೆನು ಕಾರ್ಡಿನಲ್ಲಿ ಬೊಂಡಾಸ್, ಕಪ್ಪೆ ಬೊಂಡಾಸ್ ಎರಡೂ ಹೆಚ್ಚಾಗಿ ಒಂದೇ ಹೆಸರಿನಲ್ಲಿ ಹೋಗುತ್ತವೆ. ಮುಂಬಯಿಯ ಮಾರುಕಟ್ಟೆಯಲ್ಲೂ ಎರಡಕ್ಕೂ ಮಾಕುಲ್ ಎಂದೇ ಹೇಳುವುದುಂಟು. ಆದರೆ ಇವು ಬೇರೆ ಬೇರೆ. ಬೊಂಡಾಸ್ ಎಂದರೆ ಸ್ಕ್ವಿಡ್, ಕೊಳವೆಯ ಹಾಗೆ ಉದ್ದ. ಒಳಗೆ ಪ್ಲಾಸ್ಟಿಕ್ಕಿನಂಥ ತೆಳು ಕಡ್ಡಿ. ಕಪ್ಪೆ ಬೊಂಡಾಸ್ ಎಂದರೆ ಕಟ್ಲ್‌ಫಿಶ್. ಮೈ ಅಗಲ, ಮಾಂಸ ದಪ್ಪ, ಸುತ್ತಲೂ ಲಂಗದ ಅಂಚಿನಂತೆ ರೆಕ್ಕೆ, ಬೆನ್ನೊಳಗೆ ಬಿಳಿ ಚಿಪ್ಪು. ಈ ಚಿಪ್ಪೇ ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಸಮುದ್ರಫೇನ. ಗಿಳಿ ಸಾಕುವವರು ಪಂಜರಕ್ಕೆ ಕಟ್ಟುವುದೂ ಇದನ್ನೇ.

ಮೀನು ಎಂದು ಕರೆದರೂ ಇದು ಮೀನಲ್ಲ. ಮರುವಾಯಿ, ಬಸವನಹುಳುಗಳ ಕುಲದ್ದು. ಚಿಪ್ಪನ್ನು ಹೊರಗೆ ಹೊರುವ ಬದಲು ಒಳಗೆ ಇಟ್ಟುಕೊಂಡಿದೆ. ಆ ಚಿಪ್ಪಿನಲ್ಲಿ ಸಣ್ಣ ಸಣ್ಣ ಕೋಣೆಗಳಿವೆ. ಅವುಗಳಲ್ಲಿ ಗಾಳಿ ಎಷ್ಟು, ನೀರು ಎಷ್ಟು ಎಂದು ಹೆಚ್ಚು ಕಡಿಮೆ ಮಾಡಿಕೊಂಡು ಈ ಪ್ರಾಣಿ ನೀರಿನಲ್ಲಿ ಮುಳುಗದೆ, ತೇಲದೆ ನಿಲ್ಲುತ್ತದೆ. ಇದಕ್ಕೆ ಮೂರು ಹೃದಯ. ರಕ್ತದಲ್ಲಿ ಕಬ್ಬಿಣದ ಬದಲು ತಾಮ್ರ ಇರುವುದರಿಂದ ಅದರ ಬಣ್ಣ ನೀಲಿ. ಎಂಟು ಕೈಗಳ ನಡುವೆ ಇನ್ನೆರಡು ಉದ್ದ ಕೈಗಳನ್ನು ಜೇಬಿನಲ್ಲಿ ಇಟ್ಟ ಹಾಗೆ ಮಡಚಿಟ್ಟುಕೊಂಡಿರುತ್ತದೆ. ಸಿಗಡಿಯೋ ಏಡಿಯೋ ಹತ್ತಿರ ಬಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅವು ಹೊರಗೆ ಬಂದು ಹಿಡಿದಾಗಿರುತ್ತದೆ.

ಚರ್ಮದ ತುಂಬ ಬಣ್ಣದ ಚೀಲಗಳು. ಅವನ್ನು ಹಿಗ್ಗಿಸಿ ಕುಗ್ಗಿಸಿ ಮರಳಿನಲ್ಲಿದ್ದರೆ ಮರಳು, ಕಲ್ಲಿನ ಹತ್ತಿರ ಕಲ್ಲು ಎಂಬಂತೆ ಕಾಣಿಸಿಕೊಳ್ಳುತ್ತದೆ. ಆಶ್ಚರ್ಯವೆಂದರೆ ಬಣ್ಣಗಳನ್ನು ಬೇರೆ ಬೇರೆಯಾಗಿ ಗುರುತಿಸುವ ಶಕ್ತಿ ಅದರ ಕಣ್ಣಿಗೇ ಇಲ್ಲವೆಂದು ವಿಜ್ಞಾನಿಗಳು ಹೇಳುತ್ತಾರೆ. ಅಪಾಯ ಕಂಡರೆ ಮಸಿ ಉಗುಳಿ ಪರಾರಿ. ನಮ್ಮ ಅಡುಗೆಮನೆಯ ಸಿಂಕ್ ಕಪ್ಪಾಗುವುದು ಆ ಮಸಿಯಿಂದಲೇ. ನಾವು ತೊಳೆದು ಚೆಲ್ಲುವ ಇದೇ ಮಸಿ ಹಾಕಿ ವೆನಿಸ್ ಕಡೆಯವರು ಕಪ್ಪು ಅನ್ನ ಮಾಡಿ ಒಳ್ಳೆಯ ಬೆಲೆಗೆ ಮಾರುತ್ತಾರೆ!

ಇನ್ನು ನಾವು ತಿಳಿದಿರಬೇಕಾದ ಮುಖ್ಯ ವಿಷಯ. ನಮ್ಮ ಪಡುವಣ ಕಡಲಿನಲ್ಲಿ ಹೆಚ್ಚು ಬೆಲೆಯ ಜಾತಿ ಸೆಪಿಯಾ ಫರಾವೊನಿಸ್. ಬೆನ್ನ ಮೇಲೆ ಹುಲಿಯ ಪಟ್ಟೆಯಂಥ ಗೆರೆಗಳು. ಚೆನ್ನಾಗಿ ಬೆಳೆದರೆ ನಾಲ್ಕೈದು ಕಿಲೋ ತೂಗುವುದೂ ಉಂಟು. ದೊಡ್ಡ ಮಾಲು ಹೆಚ್ಚಾಗಿ ಇಟಲಿ, ಸ್ಪೇನ್ ಕಡೆಗೆ ರಫ್ತಾಗುತ್ತದೆ. ಇಷ್ಟು ದೊಡ್ಡದಾದರೂ ಇದರ ಆಯುಸ್ಸು ಸುಮಾರು ಒಂದು ವರ್ಷ, ಹೆಚ್ಚೆಂದರೆ ಎರಡು. ಬಂಗುಡೆ, ಅಂಜಲ್‌ಗಳ ಹಾಗೆ ವರ್ಷ ವರ್ಷ ಮೊಟ್ಟೆ ಇಡುವುದಿಲ್ಲ. ಒಂದೇ ಸಲದ ಕಾಲದಲ್ಲಿ ಮರಿ ಮಾಡಿ ಸಾಯುತ್ತದೆ. ಅಂದರೆ ಈ ವರ್ಷ ಮೊಟ್ಟೆಗೆ ಮೊದಲೇ ಹಿಡಿದರೆ ಬರುವ ವರ್ಷಕ್ಕೆ ಹಳೆಯ ತಲೆಗಳು ಉಳಿದಿರುವುದಿಲ್ಲ.

ಮೊಟ್ಟೆಗಳನ್ನು ಅದು ನೀರಿನಲ್ಲಿ ಬಿಟ್ಟುಬಿಡುವುದಿಲ್ಲ. ಗಿಡ, ಹವಳ, ಹಗ್ಗ, ಏನಾದರೂ ಗಟ್ಟಿ ಆಸರೆ ಹುಡುಕಿ ದ್ರಾಕ್ಷಿಗೊಂಚಲಿನ ಹಾಗೆ ಒಂದೊಂದಾಗಿ ಅಂಟಿಸುತ್ತದೆ. ಈ ಗುಣ ತಿಳಿದವರು ತೆಂಗಿನ ಹಾಳೆ ಕಳಚಿದ ಒಣ ಹೊಂಬಾಳೆಗಳನ್ನು ಕಟ್ಟಿ, ಮರಳಿನ ಚೀಲದ ಭಾರ ಹಾಕಿ ಕಡಲಿಗೆ ಇಳಿಸುತ್ತಾರೆ. ಮೊಟ್ಟೆ ಇಡಲು ಬಂದವನ್ನು ಗಾಳದಲ್ಲಿ ಎತ್ತುತ್ತಾರೆ. ಕನ್ಯಾಕುಮಾರಿ ಕಡೆಯ ಮೀನುಗಾರರು ಇದರಲ್ಲಿ ನಿಪುಣರು. ಕರ್ನಾಟಕದ ಕರಾವಳಿಯ ಎದುರಿಗೂ ಬಂದು ಹಿಡಿದರು. ಅದರಿಂದ ಇಲ್ಲಿನ ಟ್ರಾಲರ್‌ನವರಿಗೂ ಅವರಿಗೂ ಕಡಲಿನಲ್ಲೇ ಜಗಳವಾಯಿತು. ನಮ್ಮ ಬಲೆ ಆ ಕಟ್ಟುಗಳಿಗೆ ಸಿಕ್ಕಿ ಹರಿಯುತ್ತದೆ ಎಂದು ಇವರು. ನಮ್ಮ ಕಟ್ಟುಗಳನ್ನು ಬಲೆ ಎಳೆದುಕೊಂಡು ಹೋಗುತ್ತದೆ ಎಂದು ಅವರು. ಗಾಳದ ಮಾಲು ಗಾಯವಿಲ್ಲದ ಒಳ್ಳೆಯ ಮಾಲು ಎನ್ನುವುದು ನಿಜ. ಆದರೆ ಅದು ಬಸುರಿ ಮಾಲು. ಟ್ರಾಲ್ ಬಲೆಯವರೂ ನಿರ್ದೋಷಿಗಳಲ್ಲ. ಬೆರಳುದ್ದದ ಮರಿಗಳೂ ಅದರಲ್ಲೇ ಬರುತ್ತವೆ. ಮರಿ ಹೊರಬರಲು ಎರಡು ಮೂರು ವಾರ ಬೇಕು. ಅಷ್ಟರಲ್ಲಿ ಕಟ್ಟನ್ನು ಮೇಲೆತ್ತಿದರೆ ಮೊಟ್ಟೆಯೂ ಹೋಯಿತು. ಫ್ರಾನ್ಸಿನ ನಾರ್ಮಂಡಿಯಲ್ಲೂ ಇದೇ ಕಥೆ. ಅಲ್ಲಿ ಹಿಡಿಯಲು ಇಟ್ಟ ಬೋನಿನ ಮೇಲೇ ಮೊಟ್ಟೆ ಅಂಟಿಸುತ್ತವೆ.

ನಮ್ಮ ಪಾಲು ಇದರಲ್ಲಿ ಎಲ್ಲಿ ಬರುತ್ತದೆ? 'ಬೇಬಿ' ಎಂದು ಸಣ್ಣ ಮಾಲು ಕೇಳುವವರು ನಾವೇ. ತಟ್ಟೆಯಲ್ಲಿ ಇಡಿಯಾಗಿ ಚಂದ ಕಾಣುತ್ತದೆ, ಬೇಗ ಬೇಯುತ್ತದೆ, ನಿಜ. ನಾವೂ ಕೆಲವು ವರ್ಷ ಹಾಗೆಯೇ ಕೊಂಡೆವು. ದೊಡ್ಡದನ್ನು ಕೊಂಡರೆ ರಬ್ಬರಿನಂತೆ ಆಗುತ್ತದೆ ಎಂಬ ದೂರು ಅಡುಗೆಯವರ ತಪ್ಪು, ಮಾಲಿನದ್ದಲ್ಲ. ಒಳಗೆ ಗೀರು ಹಾಕಿ ಕಾದ ಕಾವಲಿಯಲ್ಲಿ ಎರಡೇ ನಿಮಿಷ, ಇಲ್ಲವೇ ಸುಕ್ಕಕ್ಕೆ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ನಡುವೆ ನಿಲ್ಲಿಸಿದರೆ ಮಾತ್ರ ಚಪ್ಪಲಿ.

ಕೊಳ್ಳುವಾಗ ಚರ್ಮವಿರುವ ಮಾಲನ್ನೇ ನೋಡಿ. ಚುಕ್ಕೆ ಪಟ್ಟೆ ಸ್ಪಷ್ಟವಿದ್ದರೆ ತಾಜಾ. ಒಳಮಾಂಸ ಗುಲಾಬಿಗೆ ತಿರುಗಿದ್ದರೆ ಹಳತು. ಬಿಳಿಬಿಳಿ ಹೊಳೆಯುವ ಸ್ವಚ್ಛ ಮಾಡಿದ ಮಾಲಿನ ಬಗ್ಗೆ ಎಚ್ಚರ. ಒಂದು ಹಬ್ಬದ ವಾರ ಅಗ್ಗಕ್ಕೆಂದು ಅಂಥದು 20 ಕಿಲೋ ತಂದೆವು. ಕಾವಲಿಗೆ ಹಾಕಿದ್ದೇ ನೀರು ಬಿಟ್ಟು 12 ಕಿಲೋ ಆಯಿತು. ಔಷಧದ ನೀರಿನಲ್ಲಿ ನೆನೆಸಿ ತೂಕ ಏರಿಸಿದ್ದು.

ಜೂನ್ 1ರಿಂದ ಜುಲೈ 31ರವರೆಗೆ ಪಡುವಣ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆ ಎರಡು ತಿಂಗಳು ಫ್ರೀಜರಿನ ಮಾಲನ್ನು ಫ್ರೀಜರಿನದೆಂದೇ ಬರೆದು ಮಾರುತ್ತೇವೆ. ಉಳಿದ ತಿಂಗಳು ಸಪ್ಲಾಯರ್‌ಗೆ ನಮ್ಮ ಮಾತು ಇಷ್ಟೇ: ಬೆರಳು ಸೇರಿ ಅಂಗೈ ಉದ್ದಕ್ಕಿಂತ ಚಿಕ್ಕದು ಬೇಡ, ಚರ್ಮ ತೆಗೆಯದೆ ತನ್ನಿ, ಕಿಲೋಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚಾದರೂ ಅಡ್ಡಿಯಿಲ್ಲ.