ಗುಣವಾಯಿತೆಂದು ಊರಿಗೆ ಹೊರಡುವ ಮುನ್ನ

ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ ತೆರೆದದ್ದು 1941ರ ಫೆಬ್ರವರಿ 28ರಂದು. ಅಂದಿನಿಂದ ಕನ್ನಡ ನಾಡಿನ ರೋಗಿಗಳು ಅಲ್ಲಿಗೆ ಬರುತ್ತಲೇ ಇದ್ದಾರೆ. 1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯಾದ ಮೇಲೂ ಉತ್ತರ ಕರ್ನಾಟಕದ ಅನೇಕರು ಮುಂಬಯಿ ಗಾಡಿಯನ್ನೇ ಹತ್ತುತ್ತಾರೆ. ಇಲ್ಲಿ ನಂಟರೊಬ್ಬರಾದರೂ ಇರುತ್ತಾರೆಂಬ ಧೈರ್ಯ. ಹಾಗೆ ಬಂದ ಬೆಟಗೇರಿಯ ಕ್ರೈಸ್ತ ಕುಟುಂಬವೊಂದು ನಮ್ಮ ವಾಚನಾಲಯಕ್ಕೆ ಪರಿಚಯವಾಯಿತು. ತಂದೆ ನೇಕಾರರು, ಮಗನಿಗೆ 15 ವರ್ಷ. ನಾಳೆ ಯಾರ ಖೋಲಿಗೆ ಇಂಥ ನಂಟರು ಬಂದಿಳಿಯುವರೋ ಹೇಳಲಾಗದು. ಆದುದರಿಂದ ಅವರೊಡನೆ ಓಡಾಡಿ ನಾವು ತಿಳಿದುಕೊಂಡುದನ್ನು ವಾಚಕರ ಮುಂದಿಡುತ್ತೇವೆ.

ಹುಡುಗನಿಗೆ ಆದದ್ದು ರಕ್ತದ ಕ್ಯಾನ್ಸರು. ನಮ್ಮ ರಕ್ತ ತಯಾರಾಗುವುದು ಎಲುಬಿನೊಳಗಿನ ಮಜ್ಜೆಯಲ್ಲಿ. ಈ ರೋಗದಲ್ಲಿ ಬಲಿಯದ ಬಿಳಿಯ ಕಣಗಳು ಅಲ್ಲಿ ಮಿತಿಯಿಲ್ಲದೆ ಬೆಳೆದು, ಒಳ್ಳೆಯ ಕಣಗಳಿಗೆ ಜಾಗವಿಲ್ಲದಂತೆ ಮಾಡುತ್ತವೆ. ಕೆಂಪು ಕಣ ಕಡಿಮೆಯಾಗಿ ಮುಖ ಬಿಳಿಚುತ್ತದೆ. ರಕ್ತಸ್ರಾವ ತಡೆಯುವ ಪ್ಲೇಟ್‌ಲೆಟ್ ಕಡಿಮೆಯಾಗಿ ವಸಡಿನಲ್ಲಿ ರಕ್ತ ಒಸರುತ್ತದೆ. ಇದು ಅಂಟುರೋಗವಲ್ಲ. ಒತ್ತಿ ಹೇಳಲು ಕಾರಣವಿದೆ: ಅವರು ಮೊದಲು ಇಳಿದುಕೊಂಡ ಚಾಳಿನಲ್ಲಿ, ನಳದ ಬಳಿ ಹುಡುಗನ ಬಟ್ಟೆ ಒಗೆಯಲು ನೆರೆಯವರು ಬಿಡಲಿಲ್ಲ.

ಮೊದಲ ಒಂದು ತಿಂಗಳು ಚಿಕಿತ್ಸೆ ಬಹಳ ಬಿರುಸು. ಅದರಲ್ಲಿ ಕೊಡುವ ವಿನ್‌ಕ್ರಿಸ್ಟಿನ್ ಎಂಬ ಔಷಧ ನಮ್ಮ ನಿತ್ಯಪುಷ್ಪದ ಗಿಡದಿಂದ ಬಂದದ್ದೆಂದು ಕೇಳಿ ತಾಯಿ ಬೆರಗಾದರು. ಊರಿನ ದೇವಾಲಯದ ಅಂಗಳದಲ್ಲಿ ಅದನ್ನು ಯಾರೂ ನೀರು ಹಾಕಿ ಬೆಳೆಸಿದ್ದಿಲ್ಲವಂತೆ. ತಿಂಗಳ ಕೊನೆಗೆ ಮಜ್ಜೆಯ ಪರೀಕ್ಷೆಯಾಗಿ, ರೋಗ ಕಾಣಿಸುತ್ತಿಲ್ಲವೆಂದು ಡಾಕ್ಟರು ಹೇಳಿದರು.

ತೊಡಕು ಹುಟ್ಟಿದ್ದೇ ಇಲ್ಲಿ. ಊರಿನಲ್ಲಿ ಮಗ್ಗ ನಿಂತಿತ್ತು, ಸಾಲದ ಬಡ್ಡಿ ಬೆಳೆಯುತ್ತಿತ್ತು, ಮಗಳು ಅಜ್ಜಿಯ ಬಳಿ ಇದ್ದಳು. ಸಭೆಯವರು ಸ್ತೋತ್ರಾರಾಧನೆಗೆ ದಿನ ಗೊತ್ತುಮಾಡಿದ್ದರು. “ಗುಣಾತಲ್ಲರೀ, ಇನ್ನ ಯಾಕ ಇಲ್ಲಿ ಇರೂದು?” ಎಂದು ತಂದೆ ನಮ್ಮನ್ನೇ ಕೇಳಿದರು. ಸೂಕ್ಷ್ಮದರ್ಶಕದಲ್ಲಿ ಕಾಣದಿದ್ದರೂ ರೋಗದ ಕಣಗಳು ಅಡಗಿರುತ್ತವೆ. ಅವುಗಳನ್ನು ತೊಡೆಯಲು ಒಟ್ಟು ಎರಡು, ಎರಡೂವರೆ ವರ್ಷ ಬೇಕು. ನಡುವೆ ಬಿಟ್ಟರೆ ರೋಗ ಮರಳುವ ಭಯವಿದೆ. ಮರಳಿದ ಮೇಲೆ ಗುಣಪಡಿಸುವುದು ಕಠಿಣ. ಇದನ್ನು ಡಾಕ್ಟರು ಹೇಳಿದ್ದರು, ನಾವೂ ಹೇಳಿದೆವು. ತಂದೆಯ ಮನಸ್ಸು ಒಪ್ಪಲಿಲ್ಲ.

ಒಪ್ಪಿಸಿದವನು ಹುಡುಗ. ರೋಗದ ಹೆಸರನ್ನು ಅವನಿಂದ ಮುಚ್ಚಿಟ್ಟಿದ್ದರು. ಅವನೋ ಕೇಸ್ ಪೇಪರಿನಲ್ಲಿ ಮೊದಲ ವಾರವೇ ಓದಿಕೊಂಡಿದ್ದ. “ಅಪ್ಪಾ, ಅರ್ಧಾ ನೇದ ಸೀರಿ ಮಗ್ಗದಿಂದ ಇಳಸತೀ ಏನು?” ಎಂದ. ಊರಿನ ಸಭಾಪಾಲಕರೂ ಫೋನು ಮಾಡಿ, ಆರಾಧನೆ ಈಗೊಮ್ಮೆ ಆಗಲಿ, ಚಿಕಿತ್ಸೆ ಮುಗಿದ ಮೇಲೆ ಇನ್ನೊಮ್ಮೆ ಆಗಲಿ ಎಂದರು. ಓದಬಲ್ಲ ಮಗನಿಂದ ರೋಗವನ್ನು ಮುಚ್ಚಿಡುವುದು ನಮಗಂತೂ ಸರಿಕಾಣದು.

ಜ್ವರದ ಮಾತು ಬೇರೆ. ಔಷಧದಿಂದ ಒಳ್ಳೆಯ ಬಿಳಿಯ ಕಣಗಳೂ ಸಾಯುತ್ತವೆ. ಆಗ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಜ್ವರ ಬಂದರೂ ಆ ಗಳಿಗೆಯೇ ಆಸ್ಪತ್ರೆಗೆ ಹೋಗಬೇಕು. ಗುಳಿಗೆ ನುಂಗಿಸಿ ಬೆಳಗಿನವರೆಗೆ ಕಾಯಬಾರದು. ಒಂದು ರಾತ್ರಿ ಎರಡು ಗಂಟೆಗೆ ಹೀಗಾದಾಗ ಮನೆಯವರು ಮೊಣಕಾಲೂರಿದ್ದರು. “ಪ್ರಾರ್ಥನಾ ಟ್ಯಾಕ್ಸಿಯೊಳಗ ಮಾಡೂಣು, ಏಳ್ರಿ” ಎಂದು ತಾಯಿಯೇ ಎಬ್ಬಿಸಿದರು.

ಇಳಿದುಕೊಳ್ಳಲು ದಾದರಿನ ಗಾಡಗೇ ಮಹಾರಾಜ ಧರ್ಮಶಾಲೆಯುಂಟು, ಜಾತಿಮತ ಕೇಳುವುದಿಲ್ಲ. 2006ರಲ್ಲಿ ಮುಂಬಯಿಯಲ್ಲಿ ಆರಂಭವಾದ ಸೇಂಟ್ ಜೂಡ್ ಕೇಂದ್ರಗಳಲ್ಲಿ ಕ್ಯಾನ್ಸರಿನ ಮಕ್ಕಳಿಗೂ ತಂದೆತಾಯಿಗಳಿಗೂ ವಸತಿ ಉಚಿತ. ಆಸ್ಪತ್ರೆಯ ಸಮಾಜ ಸೇವಾ ವಿಭಾಗದಲ್ಲಿ ಮೊದಲ ದಿನವೇ ವಿಚಾರಿಸಬೇಕು. ಆಸ್ಪತ್ರೆಯ ಪ್ರಮಾಣಪತ್ರವಿದ್ದರೆ ಸ್ಲೀಪರ್ ದರ್ಜೆಯಲ್ಲಿ ರೋಗಿಗೆ ರೈಲು ದರ ಪೂರ್ಣ ಮಾಫಿ, ಜೊತೆಗಾರರೊಬ್ಬರಿಗೆ ನೂರಕ್ಕೆ 75 ರಿಯಾಯತಿ.

ಹುಡುಗ ಈಗ ಊರಿನಲ್ಲಿದ್ದು ಗುಳಿಗೆ ತೆಗೆದುಕೊಳ್ಳುತ್ತಾನೆ, ತಿಂಗಳಿಗೊಮ್ಮೆ ಪರೀಕ್ಷೆಗೆ ಬರುತ್ತಾನೆ. ಗುಂಪಿನಲ್ಲಿ ಕೂರಬಾರದೆಂದು ಪುಸ್ತಕಗಳನ್ನು ನಾವೇ ಅವನಿದ್ದಲ್ಲಿಗೆ ಒಯ್ದು ಕೊಡುತ್ತೇವೆ. ಪ್ಲೇಟ್‌ಲೆಟ್ ಐದೇ ದಿನ ಉಳಿಯುವುದರಿಂದ ದಾನಿಗಳು ಸದಾ ಬೇಕು. ಯಂತ್ರವು ಅದನ್ನಷ್ಟೇ ತೆಗೆದುಕೊಂಡು ಉಳಿದ ರಕ್ತವನ್ನು ಕೊಟ್ಟವರಿಗೇ ಮರಳಿಸುತ್ತದೆ. ಹೆಸರು, ರಕ್ತದ ಗುಂಪು ಬರೆಯುವ ವಹಿಯನ್ನು ವಾಚನಾಲಯದ ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇವೆ.