ಬಿಚ್ಚಲೆಂದೇ ಹೊಲಿದ ಬಟ್ಟೆಗಳು

ಪೂರ್ವ ಲಂಡನ್ನಿನ ಹ್ಯಾಕ್ನಿ ವಿಕ್ ನಿಲ್ದಾಣದಲ್ಲಿ ರೈಲಿಳಿದು, ಕಾಲುವೆ ದಾಟಿ ಸ್ವಲ್ಪ ದೂರ ನಡೆದರೆ ಉದ್ದಾನುದ್ದ ಕಟ್ಟಡವೊಂದು ಎದುರಾಗುತ್ತದೆ. 2012ರ ಒಲಿಂಪಿಕ್ಸ್ ವೇಳೆ ಜಗತ್ತಿನ ಟಿವಿ ವಾಹಿನಿಗಳೆಲ್ಲ ಬೀಡುಬಿಟ್ಟಿದ್ದ ಪ್ರಸಾರ ಕೇಂದ್ರ ಇದು. ಈಗ ಅದರ ಒಂದು ಭಾಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಉಗ್ರಾಣ. ‘ವಿ ಅಂಡ್ ಎ ಈಸ್ಟ್ ಸ್ಟೋರ್‌ಹೌಸ್’ ಎಂಬ ಹೆಸರಿನಲ್ಲಿ 2025ರ ಮೇ 31ರಂದು ಸಾರ್ವಜನಿಕರಿಗೆ ತೆರೆಯಿತು. ಎರಡೂವರೆ ಲಕ್ಷಕ್ಕೂ ಮಿಕ್ಕಿ ವಸ್ತುಗಳು, ಮೂರೂವರೆ ಲಕ್ಷ ಪುಸ್ತಕಗಳು, ಸಾವಿರದಷ್ಟು ದಾಖಲೆ ಸಂಗ್ರಹಗಳು ಇಲ್ಲಿವೆ. ಒಳಗೆ ಹೋಗಲು ಟಿಕೆಟ್ ಇಲ್ಲ.

ನನ್ನನ್ನು ಇಲ್ಲಿಗೆ ಎಳೆದು ತಂದವರು ಧಾರವಾಡ ಕಡೆಯ ಗೆಳತಿ. ವಾರವೆಲ್ಲ ಕಂಪನಿಯೊಂದರ ಲೆಕ್ಕಪತ್ರ ನೋಡುತ್ತಾರೆ, ಬಿಡುವಾದಾಗ ಹೊಲಿಗೆ. ಕುರ್ತಾ, ರವಿಕೆ, ಆಫೀಸಿಗೆ ಹಾಕುವ ಪ್ಯಾಂಟು ಎಲ್ಲವನ್ನೂ ತಾವೇ ಕತ್ತರಿಸಿ ಹೊಲಿದುಕೊಳ್ಳುತ್ತಾರೆ. ಅದರ ಜೊತೆಗೆ ಇನ್ನೊಂದು ಹುಚ್ಚು: 1770ರ ದಶಕದ ಇಂಗ್ಲಿಷ್ ಹೆಂಗಸೊಬ್ಬಳು ಉಡುತ್ತಿದ್ದ ಗೌನನ್ನು, ಆಗ ಹೊಲಿಯುತ್ತಿದ್ದ ಕ್ರಮದಲ್ಲೇ, ಸೂಜಿ ದಾರ ಮಾತ್ರ ಹಿಡಿದು ಹೊಲಿಯುವುದು. ಹಳೆಯ ಕಾಲದ ಉಡುಪನ್ನು ಹೀಗೆ ಮರಳಿ ಹೊಲಿಯುವ ಹವ್ಯಾಸಿಗಳು ಇಂಗ್ಲೆಂಡಿನಲ್ಲಿ ಊರೂರಿಗೆ ಸಿಗುತ್ತಾರೆ. ಅವರಿಗೆಲ್ಲ ಈ ಉಗ್ರಾಣ ಈಗ ದೊಡ್ಡ ಆಸರೆ.

ಬಾಗಿಲು ದಾಟಿ ಮೆಟ್ಟಿಲೇರಿದರೆ ಕಟ್ಟಡದ ನಟ್ಟನಡುವಿನ ಎತ್ತರದ ಹಜಾರ. ಸುತ್ತ ಮಹಡಿ ಮಹಡಿಗೂ ಕಬ್ಬಿಣದ ಕಪಾಟುಗಳು. ಕುರ್ಚಿ, ಗೊಂಬೆ, ಬೈಸಿಕಲ್ಲು, ಬುದ್ಧ ಎಲ್ಲ ಅಕ್ಕಪಕ್ಕದಲ್ಲೇ. ಕಾಲ, ದೇಶ ನೋಡಿ ಜೋಡಿಸಿಟ್ಟದ್ದಲ್ಲ, ಜಾಗ ನೋಡಿ ಇಟ್ಟದ್ದು. ಆಗ್ರಾ ಕೋಟೆಯ ಸ್ನಾನಗೃಹದಿಂದ ಬಂದ, ಷಹಜಹಾನನ ಕಾಲದ ಅಮೃತಶಿಲೆಯ ಕಂಬಸಾಲೂ ಇಲ್ಲೇ ನಿಂತಿದೆ. ಬಟ್ಟೆಯ ಮೋಹ ಇರುವವರು ತಪ್ಪಿಸಿಕೊಳ್ಳಬಾರದ ಇನ್ನೊಂದು ವಸ್ತು, ‘ಲ ತ್ರೇನ್ ಬ್ಲ್ಯೂ’ ಎಂಬ 1924ರ ಬ್ಯಾಲೆಗೆ ಮಾಡಿದ ರಂಗಪರದೆ. ಕಡಲತೀರದಲ್ಲಿ ಓಡುವ ಇಬ್ಬರು ಹೆಂಗಸರ ಪಿಕಾಸೊ ಚಿತ್ರವನ್ನು ಹಿಗ್ಗಿಸಿ ಬರೆದದ್ದು. ಆ ಬ್ಯಾಲೆಯ ಉಡುಪು ವಿನ್ಯಾಸ ಕೊಕೊ ಶನೆಲ್ ಅವರದು. ಗೆಳತಿ ಪರದೆಯ ಚಿತ್ರ ನೋಡಲಿಲ್ಲ, ಬಟ್ಟೆಯ ಪನ್ನೆಗಳನ್ನು ಎಲ್ಲಿ ಜೋಡಿಸಿದ್ದಾರೆಂದು ಹುಡುಕುತ್ತಿದ್ದರು.

ಉಡುಪುಗಳು ಮಾತ್ರ ಹೀಗೆ ಬಯಲಲ್ಲಿ ಇಲ್ಲ. ಬಟ್ಟೆಗೆ ಬೆಳಕೇ ಶತ್ರು. ಹೆಗಲು ಗಟ್ಟಿ ಇರುವವನ್ನು ದಪ್ಪ ಮೆತ್ತೆಯ ಹ್ಯಾಂಗರಿಗೆ ತೂಗುಹಾಕಿ ಮುಸುಕು ಹಾಕಿರುತ್ತಾರೆ. ಮಣಿ ಪೋಣಿಸಿದವು, ಓರೆಯಾಗಿ ಕತ್ತರಿಸಿದವು ತೂಗುಹಾಕಿದರೆ ತಮ್ಮ ಭಾರಕ್ಕೆ ತಾವೇ ಜಗ್ಗಿ ಹೋಗುತ್ತವೆ. ಅವಕ್ಕೆ ಅಗಲವಾದ ಖಾನೆಗಳಲ್ಲಿ ಮಲಗುವ ಭಾಗ್ಯ. ನೋಡಬೇಕೆಂದರೆ ಮುಂಚಿತವಾಗಿ ಹೇಳಿ ತರಿಸಿಕೊಳ್ಳಬೇಕು. ಅದಕ್ಕೆಂದೇ ‘ಆರ್ಡರ್ ಆ್ಯನ್ ಆಬ್ಜೆಕ್ಟ್’ ಎಂಬ ವ್ಯವಸ್ಥೆ ಇದೆ. ಸಂಗ್ರಹದ ಪಟ್ಟಿಯಿಂದ ಐದರವರೆಗೆ ವಸ್ತುಗಳನ್ನು ಆರಿಸಿ, ಕನಿಷ್ಠ ಎರಡು ವಾರ ಮೊದಲೇ ದಿನ ಗೊತ್ತುಮಾಡಿಕೊಂಡರೆ, ಓದುವ ಮೇಜಿಗೆ ತಂದು ತೋರಿಸುತ್ತಾರೆ. ನೀವು ಪ್ರೊಫೆಸರ್ ಆಗಿರಬೇಕಿಲ್ಲ, ಯಾರದೂ ಶಿಫಾರಸು ಬೇಕಿಲ್ಲ.

ಗೆಳತಿ ಕೇಳಿದ್ದು ಮೂರು: ಭಾರತದ ಬಣ್ಣದ ಹತ್ತಿ ಬಟ್ಟೆಯಲ್ಲಿ ಹೊಲಿದ 1770ರ ದಶಕದ ಗೌನು, ಅದರೊಳಗೆ ಹಾಕುತ್ತಿದ್ದ ಲಿನನ್ ಒಳ ಅಂಗಿ, ಎರಡನೇ ಮಹಾಯುದ್ಧದ ಕಾಲದ ಒಂದು ಸಾದಾ ಫ್ರಾಕು.

ಮೊದಲು ಗೌನು. ಮೇಜಿನ ಮೇಲೆ ಮೆದು ಕಾಗದ ಹಾಸಿ ಸಿಬ್ಬಂದಿ ಅದನ್ನು ಬಿಡಿಸಿಟ್ಟರು. ಬಿಳಿ ನೆಲ, ತುಂಬ ಬಳ್ಳಿ. ಹೂವು ಇನ್ನೂ ಕೆಂಪಗೆ ನಗುತ್ತಿದೆ, ಎಲೆಗಳು ಮಾತ್ರ ನೀಲಿ. ಬರೆದವರು ನೀಲಿ ಎಲೆ ಬರೆದಿರಲಿಲ್ಲ. ಕೋರಮಂಡಲ ತೀರದ ಬಣ್ಣಗಾರರು ಬಟ್ಟೆಯನ್ನು ಅಳಲೆಕಾಯಿ ಮತ್ತು ಹಾಲಿನಲ್ಲಿ ಅದ್ದಿ ಒಣಗಿಸಿ, ಕೆಂಪು ಬರಬೇಕಾದ ಕಡೆ ಪಟಿಕದ ನೀರನ್ನೂ ಕಪ್ಪು ಗೆರೆ ಬರಬೇಕಾದ ಕಡೆ ಕಬ್ಬಿಣದ ನೀರನ್ನೂ ಕೈಯಲ್ಲೇ ಬರೆದು, ಕೆಂಪು ಕೊಡುವ ಬೇರಿನ ಜೊತೆ ಕುದಿಸುತ್ತಿದ್ದರು. ನೀಲಿಗಾದರೆ ಉಳಿದ ಜಾಗಕ್ಕೆಲ್ಲ ಮೇಣ ಬಳಿದು ನೀಲಿಯ ತೊಟ್ಟಿಯಲ್ಲಿ ಮುಳುಗಿಸಬೇಕು. ಹಸಿರಿಗೆ ಪ್ರತ್ಯೇಕ ಬಣ್ಣ ಇರಲಿಲ್ಲ, ನೀಲಿಯ ಮೇಲೆ ಹಳದಿ ಬಳಿಯುವುದು. ಇನ್ನೂರೈವತ್ತು ವರ್ಷದಲ್ಲಿ ಆ ಹಳದಿ ಹಾರಿಹೋಯಿತು, ನೀಲಿ ಕಚ್ಚಿಕೊಂಡು ಉಳಿಯಿತು.

ಈ ಬಟ್ಟೆಗಾಗಿ ಈ ಊರಿನಲ್ಲೇ ಬೀದಿ ಜಗಳಗಳಾಗಿವೆ. ಭಾರತದ ಬಣ್ಣದ ಹತ್ತಿಯ ಮುಂದೆ ತಮ್ಮ ಉಣ್ಣೆ, ರೇಷ್ಮೆ ನಡೆಯದೆಂದು ನೇಕಾರರು ಗಲಾಟೆ ಎಬ್ಬಿಸಿದ್ದರಿಂದ 1700ರಲ್ಲಿ ಸಂಸತ್ತು ಆಮದಿಗೆ ತಡೆ ಹಾಕಿತು. ಆದರೂ ಹೆಂಗಸರು ಬಿಡಲಿಲ್ಲ. 1719ರಲ್ಲಿ ಸ್ಪಿಟಲ್‌ಫೀಲ್ಡ್ಸ್‌ನ ರೇಷ್ಮೆ ನೇಕಾರರು ಛಾಪಿನ ಹತ್ತಿ ಉಟ್ಟವರನ್ನು ಬೀದಿಯಲ್ಲಿ ಅಡ್ಡಗಟ್ಟಿ ಬಟ್ಟೆ ಹರಿದರು. 1721ರ ಕಾನೂನು ಉಡುವುದನ್ನೇ ನಿಷೇಧಿಸಿತು. ಅದು ರದ್ದಾದದ್ದು 1774ರಲ್ಲಿ. ಹಾಗಾಗಿ ಹವ್ಯಾಸಿಗೆ ಇಸವಿ ಮುಖ್ಯ. ‘ಹಳೇ ಕಾಲದ ಗೌನು’ ಎಂದರೆ ಸಾಲದು. 1750ರಲ್ಲಿ ರಾಜಾರೋಷವಾಗಿ ಉಡಲಾಗದ ಬಟ್ಟೆಯನ್ನು 1776ರಲ್ಲಿ ಉಡಬಹುದಿತ್ತು.

“ಹೊರಗಿಂದು ಫೋಟೋದಾಗೂ ಕಾಣ್ತದ. ನಾ ಬಂದಿದ್ದು ಒಳಗಿನ ಹೊಲಿಗಿ ನೋಡಾಕ,” ಎಂದರು ಗೆಳತಿ. ಕೇಳಿಕೊಂಡ ಮೇಲೆ ಸಿಬ್ಬಂದಿ ಮೈಭಾಗವನ್ನು ಮೆಲ್ಲಗೆ ಮಗುಚಿದರು. ಹೊರಗೆ ಅಷ್ಟು ಠೀವಿಯ ಗೌನು, ಒಳಗೆ ಒರಟು ಲಿನನ್ನಿನ ಅಸ್ತರು. ತೋಳಿನ ಅಡಿಯಲ್ಲಿ ಚಿತ್ತಾರ ಹೊಂದುತ್ತಿದೆಯೋ ಇಲ್ಲವೋ ಎಂದೂ ನೋಡದೆ ಎರಡು ಚೂರು ಕೂಡಿಸಿದ್ದಾರೆ. ಮೈಗೆ ಬಿಗಿಯಾಗಿ ಕೂರುವಲ್ಲಿ ಚಿಕ್ಕ ಚಿಕ್ಕ ಗಟ್ಟಿ ಹೊಲಿಗೆ. ಲಂಗದ ಉದ್ದನೆಯ ಜೋಡಣೆಗೆ ಬಂದರೆ ದೂರ ದೂರದ ಓಡುಹೊಲಿಗೆ. ಸೊಂಟದ ಹತ್ತಿರ ಹಳೆಯ ಸೂಜಿತೂತುಗಳ ಒಂದು ಸಾಲು, ಈಗ ಅಲ್ಲಿ ದಾರವಿಲ್ಲ. ಎಂದರೆ ಒಮ್ಮೆ ಬಿಚ್ಚಿ ಮರಳಿ ಹೊಲಿದದ್ದು.

“ಹೊಲ್ದಾಕಿ ಭಾಳ ಅವಸರದಾಗ ಇದ್ಲು ಅಂತೀರೇನು? ಹಂಗಲ್ರಿ. ಬಟ್ಟಿ ತುಟ್ಟಿ, ಕೂಲಿ ಅಗ್ಗ. ಫ್ಯಾಷನ್ ಬದಲಾದಾಗ ಬಿಚ್ಚಾಕ ಬರಬೇಕಲ್ಲ!”

ಹದಿನೆಂಟನೇ ಶತಮಾನದ ಉಡುಪಿನ ಗುಟ್ಟೆಲ್ಲ ಈ ಮಾತಿನಲ್ಲಿದೆ. ಆಗಿನ ರೇಷ್ಮೆಯ ಪನ್ನೆ ಸುಮಾರು 20 ಅಂಗುಲ. ಒಂದು ಗೌನಿಗೆ ಹತ್ತಾರು ಗಜ ಹಿಡಿಯುತ್ತಿತ್ತು. ಹೊಲಿದವಳ ಕೂಲಿ ಅದರ ಮುಂದೆ ಏನೂ ಅಲ್ಲ. ಹಾಗಾಗಿ ಬಟ್ಟೆಯನ್ನು ಕತ್ತರಿಸುವುದಕ್ಕಿಂತ ನೆರಿಗೆ ಹಿಡಿಯುವುದೇ ಜಾಣತನ. ಲಂಗದ ಪನ್ನೆಗಳು ಇಡಿಯಾಗಿಯೇ ಉಳಿಯುತ್ತಿದ್ದವು. ಅಮ್ಮನ ಗೌನನ್ನು ಬಿಚ್ಚಿ ಮಗಳಿಗೆ ಹೊಸ ಕಾಲದ ಗೌನು ಮಾಡಬಹುದಿತ್ತು. ನಮ್ಮ ಟೈಲರುಗಳು ರವಿಕೆಯ ಪಕ್ಕದಲ್ಲಿ ಬಟ್ಟೆ ಬಿಟ್ಟು ಎರಡು ಮೂರು ಸಾಲು ಹೊಲಿಗೆ ಹಾಕಿಕೊಡುವುದೂ ಇದೇ ಲೆಕ್ಕಾಚಾರದಲ್ಲಿ. ಮೈ ತುಂಬಿಕೊಂಡಾಗ ಒಂದು ಸಾಲು ಬಿಚ್ಚಿದರಾಯಿತು. ರೆಡಿಮೇಡ್ ಅಂಗಿಯಲ್ಲಿ ಆ ಅವಕಾಶವಿಲ್ಲ, ಕಾರ್ಖಾನೆ ಹೊಲಿಗೆಯ ಅಂಚಿಗೇ ಕತ್ತರಿಸಿಬಿಡುತ್ತದೆ.

ಎರಡನೆಯದು ಲಿನನ್ ಒಳ ಅಂಗಿ. ನೋಡಲು ಏನೂ ಇಲ್ಲದ ಬಿಳಿ ಬಟ್ಟೆ. ಗೆಳತಿ ಹೆಚ್ಚು ಹೊತ್ತು ಕಳೆದದ್ದು ಇದರ ಮುಂದೆಯೇ. ಮೈಗೆ ಆಯತಾಕಾರದ ಉದ್ದ ತುಂಡು, ತೋಳಿಗೆ ಚೌಕ ತುಂಡು, ಬಗಲಿಗೆ ಪುಟ್ಟ ಚೌಕ, ಕೆಳಗೆ ಘೇರು ಬರಲೆಂದು ಮೇಲಿನಿಂದ ಕತ್ತರಿಸಿ ತೆಗೆದ ತ್ರಿಕೋನದ ಕಳಿಗಳು. ನಮ್ಮ ಜುಬ್ಬಾದ ಕತ್ತರಿಕೆಯೂ ಇದೇ. ಒಂದು ಬೆರಳಗಲ ಬಟ್ಟೆಯೂ ದಂಡವಾಗುವುದಿಲ್ಲ. ಬಗಲ ಚೌಕ ಇರುವುದರಿಂದ ಕೈ ಮೇಲೆತ್ತಿದರೂ ಅಂಗಿ ಜಗ್ಗದು, ಬೆವರಿಗೆ ಹರಿದರೆ ಅದೊಂದನ್ನೇ ಬದಲಿಸಬಹುದು. ಇಂಥ ದಿನಬಳಕೆಯ ಬಟ್ಟೆ ಮ್ಯೂಸಿಯಂ ಸೇರುವುದೇ ಅಪರೂಪ. ಉಟ್ಟು, ಹರಿದು, ಮಕ್ಕಳಿಗೆ ಕತ್ತರಿಸಿ, ಕೊನೆಗೆ ಚಿಂದಿಯಾಗಿ ಕಾಗದದ ಗಿರಣಿಗೆ ಹೋಗುತ್ತಿತ್ತು. ದರ್ಬಾರಿನ ಗೌನುಗಳು ಉಳಿದದ್ದು ಉಟ್ಟದ್ದು ಕಡಿಮೆ ಎಂಬ ಕಾರಣಕ್ಕೆ.

ಹವ್ಯಾಸದಲ್ಲಿ ಹೊಸಬರು ಎಡವುವುದೂ ಇಲ್ಲಿಯೇ. ಮೊದಲ ದಿನವೇ ಗೌನಿನ ರೇಷ್ಮೆ ಕೊಂಡು ಕತ್ತರಿ ಹಾಕುತ್ತಾರೆ. ಕ್ರಮ ಒಳಗಿನಿಂದ ಹೊರಗೆ. ಮೊದಲು ಒಳ ಅಂಗಿ, ಅದರ ಮೇಲೆ ಸ್ಟೇಸ್ ಎಂಬ ಬಿಗಿ ಕವಚ, ಸೊಂಟಕ್ಕೆ ಕಟ್ಟಿಕೊಳ್ಳುವ ಜೇಬು, ಒಳಲಂಗಗಳು, ಕೊನೆಗೆ ಗೌನು. ಕವಚ ತೊಟ್ಟ ಮೈಗೆ ಅಳತೆ ತೆಗೆಯಬೇಕು. ಬರೀ ಮೈಗೆ ತೆಗೆದ ಅಳತೆಯ ಗೌನು ಕವಚದ ಮೇಲೆ ಕೂರುವುದಿಲ್ಲ. ಆಗ ಕವಚದೊಳಗೆ ತಿಮಿಂಗಿಲದ ಬಾಯಿಯ ಪಟ್ಟಿಗಳನ್ನು ಸೇರಿಸುತ್ತಿದ್ದರು. ಈಗಿನ ಹವ್ಯಾಸಿಗಳು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ವೈರು ಬಿಗಿಯುವ ಪ್ಲಾಸ್ಟಿಕ್ ಟೈಗಳನ್ನು ಕತ್ತರಿಸಿ ತೂರಿಸುತ್ತಾರೆ. ತುದಿ ಚುಚ್ಚದಂತೆ ಉಜ್ಜಿ ದುಂಡಗೆ ಮಾಡಿಕೊಂಡರೆ ಸಾಕು.

ಗೆಳತಿಯ ಚೀಲದಲ್ಲಿ ಗ್ರಾಫ್ ಹಾಳೆಯ ಪುಸ್ತಕ, ಪೆನ್ಸಿಲ್, ಅಳತೆ ಟೇಪು. ಉಡುಪನ್ನು ಅಳೆದು ಹಾಳೆಗಿಳಿಸುವ ಪದ್ಧತಿಗೆ ಗುರು ಜಾನೆಟ್ ಆರ್ನಲ್ಡ್ (1932–1998). ಮ್ಯೂಸಿಯಂಗಳನ್ನು ಅಲೆದು, ಹಳೆಯ ಉಡುಪುಗಳನ್ನು ಬಿಚ್ಚದೆಯೇ ಅಳೆದು, ಪ್ರತಿ ತುಂಡಿನ ಆಕಾರವನ್ನೂ ಚೌಕುಳಿ ಹಾಳೆಯ ಮೇಲೆ ಇಳಿಸಿದಾಕೆ. ಅವರ ‘ಪ್ಯಾಟರ್ನ್ಸ್ ಆಫ್ ಫ್ಯಾಷನ್’ ಸರಣಿ 1960ರ ದಶಕದಲ್ಲಿ ಆರಂಭವಾಯಿತು. ಮೊದಲ ಸಂಪುಟ 1660ರಿಂದ 1860ರವರೆಗಿನದು, ಎರಡನೆಯದು 1940ರವರೆಗಿನದು. ಅವರು ತೀರಿಕೊಂಡ ಮೇಲೆ ಲಂಡನ್ನಿನ ಸ್ಕೂಲ್ ಆಫ್ ಹಿಸ್ಟಾರಿಕಲ್ ಡ್ರೆಸ್ ಆ ಕೆಲಸ ಮುಂದುವರಿಸಿ, 2018ರಲ್ಲಿ ಒಳಕವಚಗಳ ಬಗ್ಗೆ ಐದನೇ ಸಂಪುಟ ತಂದಿತು. ಈ ಸರಣಿಯ ನಕ್ಷೆಯನ್ನು ನಮ್ಮ ಅಳತೆಗೆ ಹಿಗ್ಗಿಸಿ, ಅಗ್ಗದ ಕೋರಾ ಬಟ್ಟೆಯಲ್ಲಿ ಒಂದು ಮಾದರಿ ಹೊಲಿದು, ತೊಟ್ಟು, ತಿದ್ದಿ, ಆಮೇಲೆ ಅಸಲಿ ಬಟ್ಟೆಗೆ ಕತ್ತರಿ ಹಾಕಬೇಕು. ತಿಂಗಳುಗಟ್ಟಲೆ ಕೆಲಸದಲ್ಲಿ ಹೊಲಿಗೆಗಿಂತ ಯೋಜನೆಯದೇ ದೊಡ್ಡ ಪಾಲು.

ಮೂರನೆಯದಾಗಿ ಯುದ್ಧಕಾಲದ ಫ್ರಾಕು. 1941ರ ಜೂನ್ 1ರಂದು ಬ್ರಿಟನ್ನಿನಲ್ಲಿ ಬಟ್ಟೆಗೂ ರೇಷನ್ ಬಂತು. ಮೊದಲ ವರ್ಷ ಒಬ್ಬರಿಗೆ 66 ಕೂಪನ್. ಉಣ್ಣೆಯ ಒಂದು ಫ್ರಾಕಿಗೇ 11 ಹೋಗುತ್ತಿತ್ತು. ಸರ್ಕಾರ ‘ಯುಟಿಲಿಟಿ’ ಬಟ್ಟೆಗಳನ್ನು ಹೊರತಂದು ‘ಸಿಸಿ 41’ ಮುದ್ರೆ ಹಾಕಿತು. ಎಷ್ಟು ಗುಂಡಿ, ಎಷ್ಟು ನೆರಿಗೆ, ಎಷ್ಟು ಜೇಬು ಎಂಬುದಕ್ಕೂ ನಿಯಮ. ಗಂಡಸರ ಪ್ಯಾಂಟಿನ ತುದಿ ಮಡಚುವಂತಿಲ್ಲ. 1942ರಲ್ಲಿ ನಾರ್ಮನ್ ಹಾರ್ಟ್‌ನೆಲ್, ಹಾರ್ಡಿ ಏಮೀಸ್‌ರಂಥ ಹೆಸರಾಂತ ವಿನ್ಯಾಸಕಾರರೇ ಈ ಕಟ್ಟಳೆಯೊಳಗೆ ಉಡುಪು ರೂಪಿಸಿದರು. ಆ ಮಾದರಿಗಳು ಈ ಮ್ಯೂಸಿಯಂಗೆ ಬಂದಿವೆ. ಮನೆಯಲ್ಲಿ ಹೊಲಿಯುವವರು ಕೂಪನ್ ಬೇಡದ ಕಪ್ಪು ಪರದೆ ಬಟ್ಟೆಯಲ್ಲೂ ಲಂಗ ಮಾಡಿಕೊಂಡರು. ರೇಷನ್ ಮುಗಿದದ್ದು 1949ರ ಮಾರ್ಚ್‌ನಲ್ಲಿ. ಗೆಳತಿಯ ಆಫೀಸು ಉಡುಪುಗಳಿಗೆ ಈ ಫ್ರಾಕೇ ಮೇಲ್ಪಂಕ್ತಿ. ನೆರಿಗೆ ಎರಡೇ, ಅವು ಕಾಲು ಚಾಚುವ ಜಾಗದಲ್ಲಿ. ಗುಂಡಿ ಕಡಿಮೆ, ಆದರೆ ಎದೆಯ ಬಳಿ ಬಟ್ಟೆ ಬಿರಿಯದಂತೆ ಇಟ್ಟದ್ದು. ಕೊರತೆಯಿದ್ದ ಕಾಲದಲ್ಲಿ ಪ್ರತಿ ನೆರಿಗೆಯೂ ತನ್ನ ಕೆಲಸ ಏನೆಂದು ಹೇಳಬೇಕಿತ್ತು.

ಅಲ್ಲಿಂದ ರೈಲು ಹಿಡಿದು ಊರಿನ ಪಶ್ಚಿಮಕ್ಕೆ, ಶೆಪರ್ಡ್ಸ್ ಬುಷ್ ಬಳಿಯ ಗೋಲ್ಡ್‌ಹಾಕ್ ರಸ್ತೆಗೆ. ರಸ್ತೆಯುದ್ದಕ್ಕೂ ಬಟ್ಟೆ ಅಂಗಡಿಗಳ ಸಾಲು, ಥಾನುಗಳು ಬಾಗಿಲಾಚೆಗೂ ನಿಂತಿರುತ್ತವೆ. ಗೆಳತಿ ಥಾನಿನ ಮೇಲಿನ ಚೀಟಿ ನಂಬುವವರಲ್ಲ. ಬಟ್ಟೆಯ ಅಂಚಿನಿಂದ ನಾಲ್ಕೆಳೆ ದಾರ ಕೇಳಿ ಪಡೆದು, ಹೊರಗೆ ಬಂದು ಬೆಂಕಿಕಡ್ಡಿ ಗೀರಿದರು. ಕಾಗದ ಸುಟ್ಟ ವಾಸನೆ, ಉದುರುವ ಬೂದಿ: ಹತ್ತಿ ಅಥವಾ ಲಿನನ್. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಈ ಸಲ ಬೂದಿ ಉದುರಿತು. ಐದು ಮೀಟರು ಕತ್ತರಿಸಿಕೊಂಡರು. ಮನೆಗೆ ಹೋದ ಮೇಲೆ ಮೊದಲ ಕೆಲಸ ಬಿಸಿನೀರಿನಲ್ಲಿ ನೆನೆಸಿ ಒಣಗಿಸುವುದು, ಕುಗ್ಗುವುದಿದ್ದರೆ ಹೊಲಿಯುವ ಮೊದಲೇ ಕುಗ್ಗಲಿ ಎಂದು. ಆಮೇಲೆ ಒಳ ಅಂಗಿ. ಉಳಿದ ತುಂಡಿನಲ್ಲಿ ಬೇಸಿಗೆಗೆ ಒಂದು ಕುರ್ತಾ, ಬಗಲ ಚೌಕ ಇಟ್ಟು, ಪಕ್ಕದಲ್ಲಿ ಒಂದಂಗುಲ ಬಟ್ಟೆ ಬಿಟ್ಟು.

ಲಂಡನ್ನಿಗೆ ಹೋಗುವವರಿಗೆ: ಸ್ಟೋರ್‌ಹೌಸ್ ದಿನವೂ ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ, ಗುರುವಾರ ಮತ್ತು ಶನಿವಾರ ರಾತ್ರಿ 10ರವರೆಗೆ ತೆರೆದಿರುತ್ತದೆ. ಹ್ಯಾಕ್ನಿ ವಿಕ್ ಹತ್ತಿರದ ನಿಲ್ದಾಣ, ಸ್ಟ್ರಾಟ್‌ಫರ್ಡ್‌ನಿಂದಲೂ ಬರಬಹುದು. ಬಟ್ಟೆ ತರಿಸಿ ನೋಡುವವರು ಪೆನ್ನು ಬಿಟ್ಟು ಪೆನ್ಸಿಲ್ ಒಯ್ಯಿರಿ.

ಹೋಗಲಾಗದವರು ಮನೆಯ ಟ್ರಂಕು ತೆರೆಯಬಹುದು. ಅಜ್ಜಿಯ ಕುಪ್ಪಸ, ತಾತನ ಜುಬ್ಬಾ, ಹಳೆಯ ಕೋಟು ಏನಿದ್ದರೂ ಒಳಮಗ್ಗುಲು ಮಾಡಿ ನೋಡಿ. ಕೈಹೊಲಿಗೆಯೋ ಯಂತ್ರದ್ದೋ, ಎಲ್ಲಿ ಚೂರು ಕೂಡಿಸಿದ್ದಾರೆ, ಎಷ್ಟು ಬಟ್ಟೆ ಬಿಟ್ಟಿದ್ದಾರೆ, ಯಾವ ಹೊಲಿಗೆ ಬಿಚ್ಚಿ ಮತ್ತೆ ಹಾಕಿದ್ದಾರೆ ಎಂಬುದನ್ನೆಲ್ಲ ಅಳೆದು ಗ್ರಾಫ್ ಹಾಳೆಯ ಮೇಲೆ ಇಳಿಸಿಕೊಳ್ಳಿ. ಅದನ್ನು ಒರೆಸುವ ಬಟ್ಟೆ ಮಾಡುವುದಿದ್ದರೆ ಆಮೇಲೆ ಮಾಡಬಹುದು. ಅಳತೆ ನಿಮ್ಮಲ್ಲಿದ್ದರೆ ಇನ್ನೊಂದು ಹೊಲಿಯಲು ಬರುತ್ತದೆ.