ಚಿನ್ನದ ಗಣಿ ಸೀಮೆಯ ‘ಮಚ್ಚಾ’: ಒಂದು ಬಂಧುವಾಚಕದ ಅರ್ಥಪಯಣ

ಕೋಲಾರ ಚಿನ್ನದ ಗಣಿ ಹಾಗೂ ಬಂಗಾರಪೇಟೆಯ ಆಡುಮಾತಿನಲ್ಲಿ ಗಂಡಸರು ಒಬ್ಬರನ್ನೊಬ್ಬರು ಸಂಬೋಧಿಸಲು ಬಳಸುವ ಪದಗಳಲ್ಲಿ ‘ಮಚ್ಚಾ’ ಎಂಬುದು ಪ್ರಮುಖವಾದುದು. ಗೆಳೆಯ, ಸಂಗಾತಿ, ‘ಅಯ್ಯಾ’ ಎಂಬ ಸಾಮಾನ್ಯ ಕರೆ, ಕೆಲವೊಮ್ಮೆ ಕೆಣಕುನುಡಿ ಎಂದು ಇದರ ಅರ್ಥಗಳು ಹಲವು. ಪೋಲಿಮಾತೆಂದು ಬದಿಗಿಡಲಾಗುವ ಈ ಪದದ ಹಿಂದೆ ದ್ರಾವಿಡ ಬಂಧುತ್ವ ವ್ಯವಸ್ಥೆಯ ದೀರ್ಘ ಚರಿತ್ರೆಯಿದೆ.

‘ಮಚ್ಚಾ’ ಎಂಬುದು ತಮಿಳಿನ ‘ಮಚ್ಚಾನ್’ ಪದದ ಸಂಬೋಧನಾ ರೂಪ. ‘ಅಣ್ಣನ್’ ಎಂಬುದು ‘ಅಣ್ಣಾ’ ಎಂದೂ ‘ಮಾಮನ್’ ಎಂಬುದು ‘ಮಾಮಾ’ ಎಂದೂ ಆಗುವಂತೆ ಇಲ್ಲಿಯೂ ಕೊನೆಯ ನಕಾರ ಲೋಪವಾಗಿದೆ. ಮಚ್ಚಾನ್ ಎಂದರೆ ಹೆಂಡತಿಯ ಸೋದರ, ಸೋದರಿಯ ಗಂಡ, ಸೋದರಮಾವನ ಅಥವಾ ಸೋದರತ್ತೆಯ ಮಗ. ಇದರ ಹಳೆಯ ಬಂಧು ‘ಮೈತ್ತುನನ್’. ಆಂಡಾಳ್ ರಚಿಸಿದ ನಾಚ್ಚಿಯಾರ್ ತಿರುಮೊಳಿಯಲ್ಲಿ ವರನಾಗಿ ಬರುವ ದೇವನನ್ನು ಕುರಿತು ಈ ಪದ ಬಳಕೆಯಾಗಿದೆ. ಆಡುತಮಿಳಿನಲ್ಲಿ ಐಕಾರದ ಮುಂದಿನ ‘ತ್ತ’ ಎಂಬುದು ‘ಚ್ಚ’ ಆಗುವುದು ವಾಡಿಕೆ. ‘ವೈತ್ತು’ ಎಂಬುದು ‘ವಚ್ಚು’, ‘ತೈತ್ತು’ ಎಂಬುದು ‘ತಚ್ಚು’ ಆಗುತ್ತದೆ. ಅದೇ ಕ್ರಮದಲ್ಲಿ ‘ಮೈತ್ತುನನ್’ ಎಂಬುದು ‘ಮಚ್ಚುನನ್’ ಆಗಿ, ‘ಮಚ್ಚಾನ್’ ರೂಪವೂ ರೂಢಿಗೆ ಬಂದಿತು. ಕನ್ನಡದ ‘ಮೈದುನ’ ಇದರ ಸೋದರ ಪದ. ಆದುದರಿಂದ ‘ಮಚ್ಚಾ’ ಕನ್ನಡಕ್ಕೆ ಪೂರ್ತಿ ಪರಕೀಯವಲ್ಲ. ನೆರೆಮನೆಯನ್ನು ಸುತ್ತಿ ಮರಳಿ ಬಂದ ನೆಂಟ. ಕನ್ನಡದ ‘ಮಚ್ಚು’, ‘ಮಚ್ಚೆ’ಗಳೊಡನೆ ಇದಕ್ಕಿರುವುದು ಧ್ವನಿಸಾಮ್ಯ ಮಾತ್ರ.

ಭಾವಮೈದುನನನ್ನು ಸೂಚಿಸುವ ಪದ ಗೆಳೆಯನಿಗೆ ಏಕೆ ಸಂದಿತು? ಲೂಯಿ ದ್ಯುಮೋ 1953ರ ತಮ್ಮ ಪ್ರಬಂಧದಲ್ಲಿ, ದ್ರಾವಿಡ ಬಂಧುವಾಚಕಗಳು ವಿವಾಹಸಂಬಂಧವನ್ನು ರಕ್ತಸಂಬಂಧದಷ್ಟೇ ಮೂಲಭೂತವಾಗಿ ಪರಿಗಣಿಸುತ್ತವೆ ಎಂದು ತೋರಿಸಿದರು. ಸೋದರಿಕೆಯ ಮದುವೆ ನಡೆಯುವ ಸಮಾಜದಲ್ಲಿ ಹೆಣ್ಣು ಕೊಟ್ಟ ಮನೆಯೇ ಮುಂದೆ ಹೆಣ್ಣು ತರುವ ಮನೆಯೂ ಆಗಬಹುದು. ಇಬ್ಬರಲ್ಲಿ ಯಾರೂ ಶಾಶ್ವತವಾಗಿ ಮೇಲಲ್ಲ, ಕೀಳಲ್ಲ. ಉತ್ತರ ಭಾರತದಲ್ಲಿ ಹೆಣ್ಣು ಕೊಟ್ಟವರು ತಗ್ಗಿ ನಡೆಯಬೇಕೆಂಬ ರೂಢಿ ಪ್ರಬಲ. ಹೆಂಡತಿಯ ಸೋದರನನ್ನು ಹೇಳುವ ಹಿಂದಿಯ ‘ಸಾಲಾ’ ಬೈಗುಳವಾದುದಕ್ಕೂ ತಮಿಳಿನ ‘ಮಚ್ಚಾನ್’ ಸ್ನೇಹವಾಚಕವಾದುದಕ್ಕೂ ಈ ವ್ಯತ್ಯಾಸ ಒಂದು ಮುಖ್ಯ ವಿವರಣೆಯನ್ನು ಒದಗಿಸುತ್ತದೆ. ವಿವಾಹದಿಂದ ಕೂಡಿಬಂದ ಬಂಧುಗಳ ನಡುವೆ ಪರಿಹಾಸಕ್ಕೆ ಸಮಾಜವೇ ಅನುಮತಿ ನೀಡುತ್ತದೆ ಎಂಬ ರ್‍ಯಾಡ್‌ಕ್ಲಿಫ್ ಬ್ರೌನ್ ಅವರ 1940ರ ಸಿದ್ಧಾಂತವೂ ಇಲ್ಲಿ ಸಲ್ಲುತ್ತದೆ.

ಈ ಸಲುಗೆಯ ಶಕ್ತಿಯನ್ನು ಕನ್ನಡ ಕಾವ್ಯ ಬಹು ಹಿಂದೆಯೇ ಗುರುತಿಸಿದೆ. ಕುಮಾರವ್ಯಾಸನ ಉದ್ಯೋಗಪರ್ವದಲ್ಲಿ ಕೃಷ್ಣನು ಕರ್ಣನೊಡನೆ ಮೈದುನತನದ ಸರಸವಾಡುತ್ತ ಅವನನ್ನು ರಥದಲ್ಲಿ ತನ್ನ ಸಮಕ್ಕೆ ಕೂರಿಸಿಕೊಳ್ಳುತ್ತಾನೆ. ಸೂತಪುತ್ರನೆಂದೇ ತನ್ನನ್ನು ತಿಳಿದಿದ್ದ ಕರ್ಣ ಆ ಸಮಾನತೆಗೆ ಅಂಜುತ್ತಾನೆ. ಕುಂತಿ ಕೃಷ್ಣನ ಸೋದರತ್ತೆಯಾದುದರಿಂದ ಅಲ್ಲಿ ಸಲುಗೆಯ ಹಿಂದೆ ನಿಜವಾದ ನೆಂಟಸ್ತನವಿತ್ತು. ಗಣಿ ಪ್ರದೇಶದ ‘ಮಚ್ಚಾ’ನಿಗೆ ಅಂತಹ ಗುಪ್ತ ನೆಂಟಸ್ತನದ ಆಧಾರವಿಲ್ಲ, ಸಮನಾಗಿಸುವ ಕೆಲಸವನ್ನು ಪದವೊಂದೇ ಮಾಡಬೇಕು.

ಅದಕ್ಕೆ ತಕ್ಕ ಸಾಮಾಜಿಕ ಸನ್ನಿವೇಶ ಚಿನ್ನದ ಗಣಿಯಲ್ಲಿತ್ತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಇಲ್ಲಿಗೆ ಕಾಲಿಟ್ಟ ಮೇಲೆ ಉತ್ತರ ಆರ್ಕಾಟ್, ಸೇಲಂ ಮುಂತಾದ ಕಡೆಗಳಿಂದ ತಮಿಳು ಕಾರ್ಮಿಕರು, ಅವರಲ್ಲಿಯೂ ಹೆಚ್ಚಾಗಿ ದಲಿತರು, ಬಂದು ನೆಲೆಸಿದರು. ತೆಲುಗರು, ಕನ್ನಡಿಗರು, ಆಂಗ್ಲೋ ಇಂಡಿಯನ್ನರು, ಮೇಲ್ವರ್ಗದ ಕೆಲಸಗಳಲ್ಲಿ ಐರೋಪ್ಯರು ಇದ್ದರು. ಚಾಂಪಿಯನ್ ರೀಫ್ ಗಣಿ 3,000 ಮೀಟರಿಗೂ ಕೆಳಗೆ ಇಳಿದಿತ್ತು. ಬಂಡೆಸಿಡಿತದ ಭಯ ನಿತ್ಯದ್ದು. ಪಕ್ಕದವನ ಎಚ್ಚರದ ಮೇಲೆ ತನ್ನ ಜೀವ ನಿಂತಿರುವಲ್ಲಿ ಬಂಧುವಾಚಕ ಬಂಧುಬಳಗದ ಗಡಿ ದಾಟುವುದು ಸಹಜ. ‘ಅಣ್ಣಾ’ ಎಂದರೆ ಹಿರಿಕಿರಿಯ ಭೇದ ಬರುತ್ತದೆ. ಕನ್ನಡದ ‘ಭಾವ’–‘ಮೈದುನ’, ತೆಲುಗಿನ ‘ಬಾವ’–‘ಬಾಮ್ಮರ್ದಿ’ ಜೋಡಿಗಳೂ ಇಬ್ಬರನ್ನು ಬೇರೆಬೇರೆ ಹೆಸರಿನಿಂದ ಗುರುತಿಸುತ್ತವೆ. ‘ಮಚ್ಚಾ’ ಎಂದು ಕರೆದವನನ್ನು ಮರಳಿ ‘ಮಚ್ಚಾ’ ಎಂದೇ ಕರೆಯಬಹುದು. ಈ ಪರಸ್ಪರತೆಯೇ ಪದದ ತಿರುಳು.

ಆದರೆ ಈ ಸಮಾನತೆಗೆ ಮಿತಿಗಳಿವೆ. ಪದ ಜಾತಿಯ ಗೆರೆ ದಾಟಿದಷ್ಟು ಸುಲಭವಾಗಿ ಮದುವೆಗಳು ದಾಟಲಿಲ್ಲ. ಮೇಲಧಿಕಾರಿಗೆ, ಹಿರಿಯರಿಗೆ ಇದು ಸಲ್ಲದು. ಅಪರಿಚಿತನನ್ನು ಒರಟು ದನಿಯಲ್ಲಿ ಹೀಗೆ ಕರೆದರೆ ‘ನಿನ್ನ ಸೋದರಿ ನನಗೆ ಸಲ್ಲುವವಳು’ ಎಂಬ ಮೂಲಾರ್ಥ ಎಚ್ಚರಗೊಂಡು ಜಗಳಕ್ಕೆ ಕಾರಣವಾದೀತು. ಗಂಡಸರ ಈ ಸಖ್ಯ ಹೆಣ್ಣೊಬ್ಬಳ ಅನುಪಸ್ಥಿತ ಉಲ್ಲೇಖದ ಮೇಲೆ ನಿಂತಿದೆ ಎಂಬುದು ಗಮನಾರ್ಹ. ಹೆಂಡತಿಯ ತಂಗಿಯನ್ನು ಹೇಳುವ ‘ಮಚ್ಚಿ’ ಕೂಡ ಗಂಡು ಗೆಳೆಯನ ಸಂಬೋಧನೆಯಾಗಿರುವುದು ಲಿಂಗಸೂಚನೆಯೂ ಸವೆದುದಕ್ಕೆ ನಿದರ್ಶನ.

ಸಿಂಹಳದಲ್ಲಿ ‘ಮಚಂ’, ಮಲೇಷಿಯಾದ ಆಡುಮಾತಿನಲ್ಲಿ ‘ಮಚಾ’ ಎಂದು ಈ ಪದ ದೂರ ಸಾಗಿದೆ. ಬೆಂಗಳೂರಿನ ‘ಮಚ್ಚಾ’ ಚಿನ್ನದ ಗಣಿಯಿಂದಲೇ ಬಂದಿತೆಂದು ಹೇಳಲಾಗದು. 1809ರಲ್ಲಿ ಸ್ಥಾಪಿತವಾದ ದಂಡುಪ್ರದೇಶದಲ್ಲಿಯೂ ತಮಿಳರು ನೆಲೆಸಿದ್ದರು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಮಾರಿಕುಪ್ಪಂ, ಬಂಗಾರಪೇಟೆಗಳಿಂದ ರೈಲೇರಿ ಬೆಂಗಳೂರಿಗೆ ದುಡಿಯಲು ಹೋಗುವವರ ಬಾಯಲ್ಲಿ ಎರಡು ಧಾರೆಗಳೂ ಬೆರೆಯುತ್ತಿವೆ. ನಗರದ ಬಳಕೆಯಲ್ಲಿ ಉಳಿಯುತ್ತಿರುವುದು ‘ಗೆಳೆಯ’ ಎಂಬ ಅರ್ಥವೊಂದೇ. ಗಣಿಯಲ್ಲಿ ದುಡಿದ ಪೀಳಿಗೆ ಇರುವಾಗಲೇ ಯಾರು, ಯಾರನ್ನು, ಯಾವ ಸನ್ನಿವೇಶದಲ್ಲಿ ಹೀಗೆ ಕರೆಯುತ್ತಿದ್ದರು ಎಂಬುದನ್ನು ದಾಖಲಿಸುವುದು ಕನ್ನಡ ನಿಘಂಟು ರಚನೆಯ ತುರ್ತು ಹೊಣೆ. ಅರ್ಥವನ್ನಷ್ಟೇ ಬರೆದಿಟ್ಟರೆ ಆ ಕರೆಯೊಳಗಿದ್ದ ಸಮಾನತೆಯ ಹಂಬಲ ದಾಖಲೆಯಾಗದೆ ಹೋಗುತ್ತದೆ.